ಕಾರ್ಲಿಸ್ ಬೀಮರನ ತೂಕ

ಆ ಶನಿವಾರ ಬೆಳಗ್ಗೆ ಆಕಾಶಕ್ಕೆ ಒಂದು ಮನಸ್ಸಿರಲಿಲ್ಲ. ಮೊದಲು ಹಿಟ್ಟು ಜರಡಿ ಹಿಡಿದಂತೆ ಹಿಮ ಉದುರಿತು. ಅದು ಸಾಕೆನಿಸಿ ಮಳೆಯಾಯಿತು. ಮಳೆಯೂ ಬೇಸರವಾಗಿ, ನೆಲ ಮುಟ್ಟಿದ ಕೂಡಲೇ ಗಾಜಿನಂತೆ ಗಟ್ಟಿಯಾಗಿ ಕೂತುಬಿಟ್ಟಿತು. ಟ್ವೆಟನ್ ಊರಿನ ಸುತ್ತ ಬೀಟ್ ಗಡ್ಡೆಯ ಹೊಲಗಳು ಕಣ್ಣು ಸೋಲುವಷ್ಟು ದೂರ ಚಪ್ಪಟೆಯಾಗಿ ಮಲಗಿದ್ದವು. ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಇನ್ನು ಒಂದೇ ದಿನ. ಬೇಸ್‌ಬಾಲ್ ಶುರುವಾಗುವುದಕ್ಕೆ ಐದು ದಿನ. ದೇವರು ಮಿನ್ನೆಸೋಟದವರಿಗೆ ವಸಂತವನ್ನು ಕೊಡುವ ರೀತಿಯೇ ಹೀಗೆ. ಕೊಟ್ಟು ಕಿತ್ತುಕೊಂಡು, ಮತ್ತೆ ಕೊಟ್ಟು, ತಾಳ್ಮೆ ಎಷ್ಟಿದೆ ಎಂದು ನೋಡುತ್ತಾನೆ.

ಆರಿನ್ ಹೌಗ್‌ಸ್ಟಾಡ್ ಅಡುಗೆಮನೆಯ ಮೇಜಿಗೆ ಕೂತು ಹಳೆಯ ನೋಟ್‌ಬುಕ್ಕು ಬಿಚ್ಚಿಕೊಂಡಿದ್ದ. ವಯಸ್ಸು ಎಪ್ಪತ್ತೊಂದು. ಧಾನ್ಯದ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಲಾರಿ ತೂಗುವ ಕಾಟಾದ ಮುಂದೆ ಕೂತು ನಿವೃತ್ತನಾದವನು. ಊರಿನ ರೈತರು ಒಬ್ಬರನ್ನೊಬ್ಬರು ನಂಬದಿದ್ದರೂ ಆರಿನ್ ಬರೆದುಕೊಟ್ಟ ಚೀಟಿಯನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ. ಅದಕ್ಕೇ, ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಎಂಟು ಜನ ಸೇರಿ ಕಾಗದದ ಲೀಗು ಕಟ್ಟಿದಾಗ, ಅಂಕದ ಪುಸ್ತಕ ಯಾರ ಕೈಲಿರಬೇಕು ಎಂಬ ಮಾತೇ ಏಳಲಿಲ್ಲ.

ಕಾಗದದ ಲೀಗು ಅಂದರೆ, ಅವರಲ್ಲಿ ಯಾರೂ ಬ್ಯಾಟು ಹಿಡಿಯುವುದಿಲ್ಲ. ಮಹಾನಗರಗಳಲ್ಲಿ ನಿಜವಾಗಿ ಆಡುವ ಆಟಗಾರರ ಹೆಸರುಗಳನ್ನು ಪ್ರತಿ ಮಾರ್ಚಿನಲ್ಲೂ ಚರ್ಚಿನ ನೆಲಮಾಳಿಗೆಯಲ್ಲಿ ಹರಾಜು ಹಾಕಿ, ತಮ್ಮ ತಮ್ಮ ತಂಡ ಕಟ್ಟಿಕೊಳ್ಳುತ್ತಾರೆ. ಆಟಗಾರ ಅಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದು ಹೋಮ್ ರನ್ ಗಳಿಸಿದರೆ ಇಲ್ಲಿ ಅವನ ಯಜಮಾನನಿಗೆ ನಾಲ್ಕು ಅಂಕ, ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿ ಅದನ್ನು 'ಕದ್ದರೆ' ಎರಡು. ಹರಾಜು ಕೂಗುವುದು ದುಡ್ಡಿನಲ್ಲಲ್ಲ, ಒಣಗಿದ ರಾಜ್ಮಾ ಕಾಳಿನಲ್ಲಿ. ತಲೆಗೆ ಇನ್ನೂರ ಅರವತ್ತು ಕಾಳು, ಕಾಫಿ ಡಬ್ಬದಲ್ಲಿ. ಬೇಕಾದ ಆಟಗಾರನನ್ನು ವರ್ಷ ವರ್ಷ ಉಳಿಸಿಕೊಳ್ಳಬಹುದು. ಆದರೆ ಹತ್ತು ವರ್ಷ ದಾಟಿ ಉಳಿಸಿಕೊಂಡವನನ್ನು ಮೂರು ವರ್ಷಕ್ಕೊಮ್ಮೆ ತೂಕಕ್ಕೆ ಇಡಬೇಕು. ಯಜಮಾನ ಎದ್ದು ನಿಂತು, ಆ ಆಟಗಾರ ತನಗೆ ಏನೇನು ಕೊಟ್ಟ ಎಂದು ಮೊದಲಿನಿಂದ ಕೊನೆಯವರೆಗೆ ಓದಬೇಕು. ಉಳಿದವರು ಕೇಳಿ ಬೆಲೆ ಕಟ್ಟಬೇಕು. ಅಷ್ಟು ಕಾಳು ಯಜಮಾನ ಕೊಟ್ಟರೆ ಆಟಗಾರ ಅವನಲ್ಲೇ ಉಳಿಯುತ್ತಾನೆ; ಕೊಡಲಾಗದಿದ್ದರೆ, ಹಿಂದೆ ಅವನನ್ನು ಬಿಟ್ಟುಕೊಟ್ಟವರಿಗೆ ಮೊದಲ ಹಕ್ಕು.

ಇವತ್ತು ತೂಕಕ್ಕೆ ಕೂರುವವನು ಕಾರ್ಲಿಸ್ ಬೀಮರ್. ಎಡ ಮೈದಾನ ಕಾಯುವವನು. ಮೂವತ್ತೆಂಟು ವರ್ಷ, ಎರಡು ಸಲ ಕೊಯ್ಸಿಕೊಂಡ ಮಂಡಿ, ನಾಲ್ಕು ಊರಿನ ತಂಡಗಳ ನಾಲ್ಕು ಟೋಪಿ. ಹದಿಮೂರು ವರ್ಷದಿಂದ ಆರಿನ್ ಅವನನ್ನು ಬಿಟ್ಟಿರಲಿಲ್ಲ.

"ಮುದುಕನ ಜಾತಕ ನೋಡಿ ಮುಗೀತಾ?" ಎಂದು ಒಲೆಯ ಕಡೆಯಿಂದ ಲವಾನ್ ಕೇಳಿದಳು. ಮದುವೆಯಾಗಿ ನಲವತ್ತಾರು ವರ್ಷವಾದ ಹೆಂಡತಿ. ಅವನು ಏನು ಬರೆಯುತ್ತಾನೆ ಎಂದು ನೋಡದೆಯೇ ಗೊತ್ತು.

"ಮುದುಕ ಅನ್ಬೇಡ. ಮೂವತ್ತೆಂಟೇ ಅವನಿಗೆ."

"ಆಟದವರಲ್ಲಿ ಮೂವತ್ತೆಂಟು ಅಂದ್ರೆ ನಿನ್ನ ವಯಸ್ಸೇ. ಅವನಾದ್ರೂ ಓಡ್ತಾನೆ. ನೀನು ಅಂಚೆ ಡಬ್ಬಕ್ಕೆ ಹೋಗೋಕೂ ಗಾಡಿ ತೆಗೀತೀಯ."

ಆರಿನ್ ನಗಲಿಲ್ಲ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತ್ತು.

ಮೇಜಿನ ಮೇಲೆ ಎರಡು ಲೆಕ್ಕ ಇದ್ದವು. ಒಂದು ಅವನದೇ ನೋಟ್‌ಬುಕ್ಕು. ಆ ಕಾಲದಲ್ಲಿ ಪತ್ರಿಕೆಯಲ್ಲಿ ಬರುತ್ತಿದ್ದ ಪಂದ್ಯದ ಅಂಕಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕೂಡಿದ್ದು. ಇನ್ನೊಂದು, ಲೈಬ್ರರಿಯ ಬರ್ನೀಸ್ ಕ್ವಾಲ್ ಈ ತೂಕಕ್ಕೆಂದು ಅಚ್ಚು ಹಾಕಿಕೊಟ್ಟ ಹಾಳೆಗಳು, ಬೀಮರ್ ಆಡಿದ ಪ್ರತಿಯೊಂದು ಪಂದ್ಯ ತಾರೀಕಿನ ಪ್ರಕಾರ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಎಲ್ಲ ವರ್ಷವೂ ತಾಳೆಯಾಯಿತು, ಒಂದನ್ನು ಬಿಟ್ಟು. ಎರಡು ಸಾವಿರದ ಹನ್ನೊಂದು. ಬೀಮರ್ ತನ್ನ ಕೈಗೆ ಬಂದ ಜುಲೈ ಒಂಬತ್ತರಿಂದ ಆ ವರ್ಷದ ಕೊನೆಯವರೆಗೆ, ನೋಟ್‌ಬುಕ್ಕಿನಲ್ಲಿ ಹನ್ನೆರಡು ಹೋಮ್ ರನ್, ಹಾಳೆಯಲ್ಲಿ ಹನ್ನೊಂದು.

"ಕಂಪ್ಯೂಟರು ತಪ್ಪಿದೆ," ಎಂದು ಆರಿನ್ ತನಗೆ ತಾನೇ ಹೇಳಿಕೊಂಡ. ಹೇಳಿದ್ದು ಬಾಯಿ, ಕಾಟಾದ ಮುಂದೆ ಬೆಳೆದ ಕಣ್ಣು ಅಷ್ಟಕ್ಕೆ ಒಪ್ಪಲಿಲ್ಲ. ಹಾಳೆಯಲ್ಲಿ ಇಲ್ಲದ್ದು ಆಗಸ್ಟ್ ಇಪ್ಪತ್ತರ ಹೊಡೆತ, ಅವನು ಊರಿಗೆಲ್ಲ ಹೇಳಿಕೊಂಡು ಬಂದದ್ದೇ; ಆ ದಿನದ ಪಂದ್ಯದ ಪತ್ರಿಕೆಯ ತುಂಡು ಹುಡುಕಿದ. ಒಂದೇ ದಿನ ಎರಡು ಪಂದ್ಯ. ಮೊದಲನೆಯದರ ತಲೆಯ ಮೇಲೆ ಬೇರೊಂದು ತುಂಡಿನ ಅಂಚು ಅಂಟಿಕೊಂಡಿತ್ತು, ಅವನೇ ಅಂಟಿಸಿದ್ದು. ಬಿಸಿ ಕಾಫಿಯ ಬಟ್ಟಲನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟ. ಅಂಟು ಮೆತ್ತಗಾಯಿತು. ಬೆಣ್ಣೆಯ ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಿದ. ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಅಲ್ಲಿತ್ತು: ಇದು ಜೂನ್ ಇಪ್ಪತ್ತಾರರಂದು ಆರನೇ ಸರದಿಯಲ್ಲಿ, ಸಮಸಮವಾಗಿದ್ದಾಗ, ಮಳೆಗೆ ನಿಂತ ಪಂದ್ಯದ ಉಳಿದ ಭಾಗ.

ಆರಿನ್ ನೋಟ್‌ಬುಕ್ಕಿನ ಮೂರನೇ ಪುಟಕ್ಕೆ ಹೋದ. ಲೀಗಿನ ನಿಯಮಗಳು, ಅವನದೇ ದುಂಡು ಅಕ್ಷರ. ಒಂಬತ್ತನೆಯದು: ಮಳೆಗೆ ನಿಂತ ಪಂದ್ಯ ಮುಂದೆ ಯಾವತ್ತು ಮುಗಿದರೂ, ಅದನ್ನು ಶುರುವಾದ ದಿನದ ಲೆಕ್ಕಕ್ಕೇ ಹಿಡಿಯಬೇಕು.

ಜೂನ್ ಇಪ್ಪತ್ತಾರರಂದು ಬೀಮರ್ ಅವನ ಆಟಗಾರನಾಗಿರಲಿಲ್ಲ. ಕ್ಷೌರಿಕ ನಾರ್ಬರ್ಟ್ ವಿಚೋರೆಕ್‌ನವನಾಗಿದ್ದ. ಎರಡು ವಾರ ಕಳೆದ ಮೇಲೆ ಆರಿನ್ ಚೆಂಡೆಸೆಯುವ ಒಬ್ಬ ಪಿಚರನನ್ನು ಕೊಟ್ಟು ಅವನನ್ನು ತೆಗೆದುಕೊಂಡಿದ್ದು.

ಆ ವರ್ಷದ ಕೊನೆಯ ಲೆಕ್ಕ ಆರಿನ್‌ಗೆ ಬಾಯಿಪಾಠ. ಆರಿನ್, ಸಾವಿರದ ಎಂಟುನೂರ ನಲವತ್ತಾರು. ನಾರ್ಬರ್ಟ್, ಸಾವಿರದ ಎಂಟುನೂರ ನಲವತ್ಮೂರು. ಇಲ್ಲಿಂದ ನಾಲ್ಕು ತೆಗೆದು ಅಲ್ಲಿಗೆ ನಾಲ್ಕು ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಪೆನ್ಸಿಲ್ ಬೇಕಿರಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಆರಿನ್ ಗೆದ್ದಿದ್ದು ಅದೊಂದೇ ಸಲ. ನಾರ್ಬರ್ಟ್ ಒಂದು ಸಲವೂ ಗೆದ್ದಿರಲಿಲ್ಲ. ಆರು ಸಲ ಎರಡನೆಯವನಾಗಿದ್ದ. ಊರಿನವರು ಅವನ ಅಂಗಡಿಗೆ ಬಂದು ಬೇಕೆಂದೇ ಎರಡನೇ ಕುರ್ಚಿಯಲ್ಲಿ ಕೂರುತ್ತಿದ್ದರು.

ಕಿಟಕಿಯ ಕಟ್ಟೆಯ ಮೇಲೆ, ಬೈಬಲ್ಲಿನ ಪಕ್ಕದಲ್ಲಿ, ಆ ವರ್ಷದ ಚೆಂಡು ಇತ್ತು. ಗೆದ್ದವನಿಗೆ ಒಂದು ಬೇಸ್‌ಬಾಲ್ ಕೊಡುವುದು, ಅದರ ಮೇಲೆ ಸೋತ ಏಳು ಜನವೂ 'ಸೋತೆ' ಎಂದು ಬರೆದು ಸಹಿ ಹಾಕುವುದು ಲೀಗಿನ ಪದ್ಧತಿ. ನಾರ್ಬರ್ಟನ ಸಹಿ ಎಲ್ಲಕ್ಕಿಂತ ದಪ್ಪವಾಗಿ, ಹೊಲಿಗೆಯ ಮೇಲೆ ಹತ್ತಿ ಇಳಿದಿತ್ತು. ಆರಿನ್ ಎದ್ದುಹೋಗಿ ಚೆಂಡನ್ನು ಕೈಗೆ ತೆಗೆದುಕೊಂಡ. ಬೆಳಗಿನ ಪ್ರಾರ್ಥನೆ ಆಗಲೇ ಮಾಡಿ ಮುಗಿಸಿದ್ದ. ಮತ್ತೊಂದು ಮಾಡೋಣ ಎನಿಸಿತು. ಆದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ದೇವರ ಮುಂದೆ ಇಡಲು ನಾಚಿಕೆಯಾಯಿತು. ಚೆಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡೆ ಎಂದು ಇನ್ನೂ ನಿಶ್ಚಯಿಸಿರಲಿಲ್ಲ.

ಲವಾನ್ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ತಟ್ಟೆಯನ್ನು, ಮೇಲೆ ಆಲೂ ತುಣುಕು ಕೆಂಪಗೆ ಗರಿಗಟ್ಟಿದ್ದನ್ನು, ಟವೆಲ್ಲಿನಲ್ಲಿ ಸುತ್ತಿ ಅವನ ಕೈಗಿಟ್ಟಳು. ಕಿಟಕಿಯ ಕಟ್ಟೆಯ ಕಡೆ ಒಮ್ಮೆ ನೋಡಿದಳು, ಅವನ ಉಬ್ಬಿದ ಜೇಬನ್ನು ಒಮ್ಮೆ ನೋಡಿದಳು.

"ಮೆರೆಸೋಕಾ?"

"ಗೊತ್ತಿಲ್ಲ."

"ಸರಿ, ಜಾರಿ ಬೀಳ್ಬೇಡ," ಎಂದಳು. "ಬಿದ್ರೂ ತಟ್ಟೆ ಮೇಲಕ್ಕೆ ಹಿಡ್ಕೊಂಡು ಬೀಳು."

ನಾರ್ಬರ್ಟನ ಕಾರಿನ ಬಾಗಿಲುಗಳು ಮಂಜುಗಡ್ಡೆಗೆ ಅಂಟಿಕೊಂಡಿದ್ದವು. ಆದ್ದರಿಂದ ಅವನು ಕಾಳಿನ ಡಬ್ಬವನ್ನು ಮಗುವಿನಂತೆ ಎದೆಗವಚಿಕೊಂಡು ಬೀದಿಯ ಮೂಲೆಯಲ್ಲಿ ನಿಂತಿದ್ದ. ಎಪ್ಪತ್ತನಾಲ್ಕರ ತೆಳ್ಳನೆಯ ಮನುಷ್ಯ; ಊರಿನ ಅರ್ಧ ತಲೆಗಳು ಅವನ ಕೈಕೆಳಗೇ ನರೆತವು. ಆರಿನ್ ಗಾಡಿ ನಿಲ್ಲಿಸಿದ.

"ಲುಥೆರನ್ನರ ಗಾಡೀಲಿ ಬಿಸಿ ಗಾಳಿ ಬರತ್ತೆ ಅಂತ ಕೇಳಿದ್ದೆ, ನಿಜಾನೇ," ಎಂದು ಹತ್ತಿದ ನಾರ್ಬರ್ಟ್. "ನಮ್ಮ ಕ್ಯಾಥೊಲಿಕ್ ಕಡೆ ಬರೀ ಧೂಪ."

"ಬೆಲ್ಟು ಹಾಕ್ಕೊ."

"ಏನಯ್ಯ, ಮುಖ ಹೀಗಿದೆ? ಮುದುಕನ ಬೆಲೆ ಜಾಸ್ತಿ ಆಗತ್ತೆ ಅಂತ ಹೆದರಿಕೆನಾ? ನೋಡು, ನಾನು ಏನೂ ಅನ್ನಲ್ಲ. ತಪಸ್ಸು ಕಾಲ. ಸಿಹಿ ಬಿಟ್ಟರೆ ಸಾಕು ಅಂದ್ರು ಫಾದರು. ನಾನು ನಿನ್ನನ್ನ ಕಾಡೋದನ್ನೇ ಬಿಟ್ಟೆ. ನನಗೆ ಅದಕ್ಕಿಂತ ಸಿಹಿ ಯಾವುದಿದೆ?"

"ಬಿಟ್ಟು ಎಷ್ಟು ದಿನ ಆಯ್ತು?"

"ಬೂದಿ ಬುಧವಾರದಿಂದ. ನಡುವೆ ಐದಾರು ಸಲ ಜಾರಿದೆ. ಪಾಪನಿವೇದನೆ ಮಾಡ್ಕೊಂಡೆ."

ಗಾಡಿ ಆಮೆಯಂತೆ ಹೋಗುತ್ತಿತ್ತು. ಗಾಜಿನ ಮೇಲೆ ಒರೆಸುವ ಕೋಲು ಗರಗರ ಎನ್ನುತ್ತಿತ್ತು. ಆರಿನ್‌ಗೆ ಜೇಬಿನ ಚೆಂಡು ತೊಡೆಗೆ ಒತ್ತುತ್ತಿತ್ತು. ಐದು ಔನ್ಸಿನ ವಸ್ತು. ಅದರ ತೂಕ ಅವನಿಗೆ ಗೊತ್ತಿಲ್ಲದ್ದೇನಲ್ಲ. ಈ ಹೊತ್ತು ಮಾತ್ರ ಕಾಟಾ ಸುಳ್ಳು ಹೇಳುತ್ತಿದೆ ಎನಿಸಿತು.

ಹೇಳಿಬಿಡಲೇ ಇಲ್ಲಿಯೇ ಎಂದುಕೊಂಡ. ಬಾಯಿ ತೆರೆದ.

"ಒಂದು ಮಾತು," ಎಂದು ಅಷ್ಟರಲ್ಲಿ ನಾರ್ಬರ್ಟನೇ ಶುರುಮಾಡಿದ. "ಕಾಡೋದಲ್ಲ ಇದು, ವಿಚಾರ. ಆ ಹೋಮ್ ರನ್ ಕತೆ ಇವತ್ತು ಚಿಕ್ಕದಾಗಿ ಮುಗಿಸು. ಪ್ರತಿ ಮೂರು ವಾರಕ್ಕೂ ಕುರ್ಚೀಲಿ ಕೂತು ಹೇಳ್ತೀಯ. ನನಗೆ ಈಗ ಅದು ನಮ್ಮ ಜಪಮಾಲೆಗಿಂತ ಚೆನ್ನಾಗಿ ಬಾಯಿಗೆ ಬರತ್ತೆ."

ಆರಿನ್ ಬಾಯಿ ಮುಚ್ಚಿದ. ಚರ್ಚು ಬಂತು.

ನೆಲಮಾಳಿಗೆಯಲ್ಲಿ ಕಾಫಿಯ ದೊಡ್ಡ ಪಾತ್ರೆ ಆಗಲೇ ಗೊರಗುಟ್ಟುತ್ತಿತ್ತು. ಉದ್ದನೆಯ ಮೇಜಿನ ಸುತ್ತ ಎಂಟು ಜನ. ಲೀಗಿನ ಅಧ್ಯಕ್ಷೆ ಪಾಸ್ಟರ್ ಸಿಗ್ನೆ, ಆಮೇಲೆ ಲೀಗಿಗೆ ಸೇರಿದ, ನಲವತ್ತು ದಾಟದ ಹೆಂಗಸು, ಬೋಧನೆಗಿಂತ ಹರಾಜು ಚೆನ್ನಾಗಿ ಮಾಡುತ್ತಾಳೆ ಎಂದು ಊರಲ್ಲಿ ಹೆಸರಾದವಳು. ಅವಳ ಪಕ್ಕ ಬರ್ನೀಸ್, ಮೂಗಿನ ತುದಿಗೆ ಕನ್ನಡಕ ಇಳಿಸಿ, ಹಾಳೆಗಳ ಇನ್ನೊಂದು ಪ್ರತಿ ಮುಂದಿಟ್ಟುಕೊಂಡು. ಆ ಪ್ರತಿಯನ್ನು ಕಂಡು ಆರಿನ್ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ. ಆಮೇಲೆ ತಿಳಿಯಿತು: ಬರ್ನೀಸ್ ಹಾಳೆಯನ್ನು ಯಾವುದಕ್ಕೂ ತಾಳೆ ನೋಡುವುದಿಲ್ಲ. ತಾಳೆ ನೋಡುವುದು ಯಾವುದಕ್ಕೆ? ಆರಿನ್‌ನ ಪುಸ್ತಕಕ್ಕೆ. ಅದನ್ನು ಯಾರೂ ನೋಡುವುದಿಲ್ಲ. ಈ ತಪ್ಪನ್ನು ಯಾರೂ ಹಿಡಿಯುವ ಹಾಗಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

ಪಾಸ್ಟರ್ ಸಿಗ್ನೆ ಕೈ ಜೋಡಿಸಿದಳು. "ತಂದೆಯೇ, ಈ ಮೇಜಿನ ಮೇಲೆ ಸೋಲುವವರಿಗೆ ತಾಳ್ಮೆ ಕೊಡು, ಗೆಲ್ಲುವವರ ಬಾಯಿಗೆ ಬೀಗ ಕೊಡು. ಮಂಡಿ ನೋವಿನವರೆಲ್ಲರನ್ನೂ ನೆನಪಿಟ್ಟುಕೋ. ಆಮೆನ್. ಆರಿನ್, ಎದ್ದೇಳಿ. ನಿಮ್ಮ ಮಗನನ್ನ ತೂಕಕ್ಕೆ ತನ್ನಿ."

"ಮಗ ಅಲ್ಲ, ಪಾಸ್ಟರಮ್ಮ. ಅಜ್ಜ," ಎಂದಳು ಬರ್ನೀಸ್.

ಆರಿನ್ ಎದ್ದು ನಿಂತ. ಕೋಟು ತೆಗೆದಿರಲಿಲ್ಲ. ಓದತೊಡಗಿದ.

"ಕಾರ್ಲಿಸ್ ಬೀಮರ್. ಮೇಲಿನ ಆಟಕ್ಕೆ ಬಂದಿದ್ದು ಇಪ್ಪತ್ತೆರಡನೇ ವಯಸ್ಸಲ್ಲಿ. ಎರಡನೇ ವರ್ಷ ಇಪ್ಪತ್ತನಾಲ್ಕು ಹೋಮ್ ರನ್, ಮೂವತ್ತೊಂದು ಕದ್ದ ಬೇಸು. ಆಗ ಇದೇ ಮೇಜಲ್ಲಿ ನಾರ್ಬರ್ಟ್ ಅವನಿಗೆ ನಲವತ್ತೊಂದು ಕಾಳು ಕೊಟ್ಟಿದ್ದ."

"ಕೊಟ್ಟೆ. ಆ ವರ್ಷ ಪಿಚರಿಗೆ ಕಾಳಿಲ್ಲದೆ ನಮ್ಮ ಮೈದುನನ್ನ ನಿಲ್ಲಿಸೋ ಹಾಗಾಗಿತ್ತು," ಎಂದ ನಾರ್ಬರ್ಟ್.

"ಎರಡು ಸಾವಿರದ ಹನ್ನೊಂದರ ಜುಲೈ ಒಂಬತ್ತಕ್ಕೆ ನನ್ನ ಕೈಗೆ ಬಂದ." ಆರಿನ್ ಹಾಳೆ ತಿರುಗಿಸಿದ. ಹನ್ನೊಂದನೇ ಇಸವಿಯನ್ನು ದಾಟಿ ಮುಂದಕ್ಕೆ ಹೋದ. "ಹನ್ನೆರಡರಲ್ಲಿ ಹತ್ತೊಂಬತ್ತು. ಹದಿಮೂರರಲ್ಲಿ ಮಂಡಿ ಹೋಯ್ತು, ಒಂಬತ್ತು. ಅಲ್ಲಿಂದ ಮುಂದೆ ಬೇಸ್ ಕದಿಯೋದು ನಿಂತೇಹೋಯ್ತು..."

"ನಿಲ್ಲಿ ನಿಲ್ಲಿ," ಎಂದಳು ಬರ್ನೀಸ್. "ಹನ್ನೊಂದು ಎಲ್ಲಿ? ಒಬ್ಬನೇ ಮಗನ ನಾಮಕರಣ ಬಿಟ್ಟು ಮದುವೆಗೆ ಬಂದ್ಬಿಟ್ರಲ್ಲ!"

"ಅದು ನಿಮಗೆಲ್ಲ ಗೊತ್ತಿರೋದೇ."

"ಗೊತ್ತಿದೆ. ಗೊತ್ತಿದ್ರೂ ಪ್ರತಿ ಕ್ರಿಸ್‌ಮಸ್ಸಿಗೂ ಕೊಟ್ಟಿಗೆ ಕತೆ ಕೇಳಲ್ವಾ?" ಎಂದಳು ಪಾಸ್ಟರ್ ಸಿಗ್ನೆ. "ನೀವು ನಾಚ್ಕೊಂಡ್ರೆ ನಾವೇ ಹೇಳ್ತೀವಿ. ಆಗಸ್ಟ್ ತಿಂಗಳು."

"ಸೆಖೆ," ಎಂದಳು ಬರ್ನೀಸ್, ಆರಿನ್‌ನ ಗಂಭೀರ ದನಿಯನ್ನೇ ಅನುಕರಿಸಿ. "ಆಗತಾನೇ ಗೋಧಿ ಬರ್ತಾ ಇತ್ತು. ಕಾಟಾ ಮುಂದೆ ಹದಿನಾಲ್ಕು ಲಾರಿ ಸಾಲು."

"ನಾನು ರೇಡಿಯೋ ಹಚ್ಚಿದ್ದೆ," ಎಂದ ಮೇಜಿನ ಆ ತುದಿಯವನು.

"ಎಂಟನೇ ಸರದಿ. ಎರಡು ಔಟು," ಎಂದ ಈ ತುದಿಯವನು.

"ಕಾರ್ಲಿಸ್ ಬ್ಯಾಟು ಬೀಸಿದ. ನಾನು ಲಾರಿ ತೂಗೋದು ಮರೆತೆ," ಎಂದರು ಮೂವರು ಒಟ್ಟಿಗೆ. ಮೇಜು ನಗೆಯಿಂದ ಅಲುಗಿತು.

ಕೊನೆಯ ಸಾಲು ನಾರ್ಬರ್ಟನದು ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ಅವನ ಕಡೆ ತಿರುಗಿದರು. ನಾರ್ಬರ್ಟ್ ನಿಟ್ಟುಸಿರು ಬಿಟ್ಟು, ಪೂಜೆಯ ಮಂತ್ರ ಹೇಳುವವನಂತೆ ಕಣ್ಣು ಮುಚ್ಚಿದ. "'ಮೂವತ್ತೆಂಟು ವರ್ಷದಲ್ಲಿ ನಾನು ಲಾರಿ ನೋಡದೆ ಚೀಟಿ ಬರೆದದ್ದು ಅದೊಂದೇ ಸಲ.' ಆಮೆನ್. ಮೂರು ಅಂಕಕ್ಕೆ ನಾನು ಸೋತೆ. ಸಂತೋಷನಾ ಎಲ್ಲರಿಗೂ?"

ನಗು ಇಳಿಯುವವರೆಗೆ ಆರಿನ್ ಕಾದ. ಅವನಿಗೆ ಆ ಆಗಸ್ಟಿನ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಗೋಧಿಯ ಧೂಳು, ರೇಡಿಯೋದ ಕರಕರ, ಲಾರಿಯವನ ಹಾರನ್ನು. ಅಷ್ಟು ಸಂತೋಷ ಸುಳ್ಳಾಗಲು ಸಾಧ್ಯವೇ? ಸಂತೋಷ ಸುಳ್ಳಲ್ಲ, ಅದು ತನಗೆ ಆದದ್ದೇ. ಅಂಕ ಮಾತ್ರ ತನ್ನದಲ್ಲ. ಈ ಎರಡನ್ನೂ ಹದಿಮೂರು ವರ್ಷ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದ್ದೆನಲ್ಲ ಎನಿಸಿತು. ಎನಿಸಿದ ಮೇಲೆ ಉಸಿರು ಸ್ವಲ್ಪ ಹಗುರವಾಯಿತು.

"ಆ ಹೋಮ್ ರನ್ ನನ್ನದಲ್ಲ," ಎಂದ.

"ಹೌದು, ಬೀಮರನದು. ನೀನು ಬ್ಯಾಟ್ ಬೀಸಿದ್ರೆ ಸೊಂಟ ಹಿಡ್ಕೋತಿತ್ತು," ಎಂದ ನಾರ್ಬರ್ಟ್.

"ನಾರ್ಬರ್ಟ್, ಅದು ನಿನ್ನದು."

ಆರಿನ್ ನೋಟ್‌ಬುಕ್ಕನ್ನು ಮೇಜಿನ ನಡುವೆ ಇಟ್ಟು, ಎತ್ತಿದ ಪತ್ರಿಕೆಯ ತುಂಡನ್ನು ಬೆರಳಿನಿಂದ ತೋರಿಸಿದ. ಜೂನ್ ಇಪ್ಪತ್ತಾರರ ಮಳೆ. ಆಗಸ್ಟಿನಲ್ಲಿ ಮುಗಿದ ಉಳಿದ ಪಂದ್ಯ. ನಡುವೆ ಜುಲೈಯಲ್ಲಿ ಕೈಬದಲಾದ ಆಟಗಾರ. ಮೂರನೇ ಪುಟದ ಒಂಬತ್ತನೇ ನಿಯಮ. ಒಂದೊಂದನ್ನೂ ಲಾರಿಯ ನಂಬರು ಹೇಳುವವನ ದನಿಯಲ್ಲಿ ಹೇಳಿದ, ಏರದೆ, ಇಳಿಯದೆ. "ಒಂದೇ ದಿನ ಎರಡು ಪಂದ್ಯ ಅಂದ್ಕೊಂಡು ಎರಡನ್ನೂ ನನಗೇ ಬರ್ಕೊಂಡೆ. ಮೇಲಿನ ಸಾಲಿನ ಮೇಲೆ ನಾನೇ ಕಾಗದ ಅಂಟಿಸಿದೆ. ಇವತ್ತು ಬೆಳಗ್ಗೆವರೆಗೂ ಗೊತ್ತಿರಲಿಲ್ಲ, ದೇವರಾಣೆ. ಸರಿಯಾದ ಲೆಕ್ಕ: ನಾರ್ಬರ್ಟ್ ಸಾವಿರದ ಎಂಟುನೂರ ನಲವತ್ತೇಳು. ನಾನು ಸಾವಿರದ ಎಂಟುನೂರ ನಲವತ್ತೆರಡು."

ಬರ್ನೀಸ್ ಕನ್ನಡಕ ಮೇಲಕ್ಕೆ ತಳ್ಳಿ ತನ್ನ ಹಾಳೆಯ ಮೇಲೆ ಬೆರಳು ಓಡಿಸಿದಳು.

"ಹೌದು," ಎಂದಳು ಮೆಲ್ಲಗೆ. "ಜೂನ್ ಇಪ್ಪತ್ತಾರಕ್ಕೇ ಹಾಕಿದ್ದಾರೆ."

"ನಿಯಮ ಸ್ಪಷ್ಟವಾಗಿದೆ," ಎಂದಳು ಪಾಸ್ಟರ್ ಸಿಗ್ನೆ.

ನಾರ್ಬರ್ಟ್ ತನ್ನ ಡಬ್ಬದಿಂದ ಒಂದು ಕಾಳು ತೆಗೆದು ಮೇಜಿನ ಮೇಲೆ ಉರುಳಿಸುತ್ತ ಕೂತ. ಕಾಳು ಅಂಚಿನವರೆಗೆ ಹೋಗಿ ಬರುತ್ತಿತ್ತು. ಕೊನೆಗೆ ಅದನ್ನು ಬೆರಳಿನಿಂದ ಒತ್ತಿ ಹಿಡಿದ.

"ಹಾಗಾದ್ರೆ ನಾನು ಎರಡನೆಯವನಲ್ಲ."

"ಆ ವರ್ಷ ಅಲ್ಲ. ಉಳಿದ ಐದು ವರ್ಷ ಹೌದು."

"ಹದಿಮೂರು ವರ್ಷ," ಎಂದ ನಾರ್ಬರ್ಟ್, ಎಲ್ಲರ ಕಡೆ ತಿರುಗಿ. "ಹದಿಮೂರು ವರ್ಷ, ಮೂರು ವಾರಕ್ಕೊಂದು ಸಲ, ಈ ಮನುಷ್ಯ ನನ್ನ ಕುರ್ಚೀಲಿ ಕೂತು, ಕತ್ತು ಚಾಚಿ, ನನ್ನದೇ ಹೋಮ್ ರನ್ ಕತೆ ನನಗೇ ಹೇಳಿದ್ದಾನೆ. ನನ್ನ ಕೈಲಿ ಏನಿತ್ತು? ಕ್ಷೌರದ ಕತ್ತಿ! ನನ್ನ ತಾಳ್ಮೆ ಲೆಕ್ಕ ಹಾಕಿ, ಪಾಸ್ಟರಮ್ಮ. ನಮ್ಮ ಕಡೆ ಇದಕ್ಕಿಂತ ಕಡಿಮೆಗೆ ಜನರನ್ನ ಸಂತರು ಮಾಡಿದ್ದಾರೆ."

ಮೊದಲು ನಕ್ಕವಳು ಪಾಸ್ಟರ್ ಸಿಗ್ನೆಯೇ. ಆಮೇಲೆ ಎಲ್ಲರೂ. ಆರಿನ್‌ಗೂ ನಗು ಬಂತು. ಜೊತೆಗೆ ಕಣ್ಣಿನಲ್ಲಿ ಇನ್ನೇನೋ ಬಂದದ್ದರಿಂದ ಕನ್ನಡಕ ತೆಗೆದು ಒರೆಸಿದ.

"ಇನ್ನು ಓದು ಮುಗಿಸಿ," ಎಂದಳು ಪಾಸ್ಟರ್ ಸಿಗ್ನೆ. "ಆ ಮನುಷ್ಯನ ಬೆಲೆ ಇನ್ನೂ ಕಟ್ಟಿಲ್ಲ."

ಆರಿನ್ ಹಾಳೆ ನೋಡಲಿಲ್ಲ. "ನಾನು ಅವನನ್ನ ಇಟ್ಕೊಂಡಿದ್ದು ಆ ಒಂದು ಹೊಡೆತಕ್ಕೆ. ಅದನ್ನ ತೆಗೆದ ಮೇಲೆ ಏನು ಉಳಿಯತ್ತೆ ಅಂತ ಬೆಳಗ್ಗೆ ಕೂಡಿ ನೋಡಿದೆ. ನೂರ ಅರವತ್ತೇಳು ಹೋಮ್ ರನ್. ಯಾವ ವರ್ಷಾನೂ ಲೀಗಿನಲ್ಲಿ ಮೊದಲ ಹತ್ತರೊಳಗೆ ಬರಲಿಲ್ಲ. ಒಂದು ವರ್ಷಾನೂ ಪೂರ್ತಿ ಕೈಬಿಡಲಿಲ್ಲ. ಮಂಡಿ ಹೋದ್ಮೇಲೆ ಓಡೋದು ಬಿಟ್ಟು ಕಾಯೋದು ಕಲಿತ; ಬೇಡದ ಚೆಂಡಿಗೆ ಬ್ಯಾಟು ಬೀಸಲ್ಲ. ಹೋದ ವರ್ಷ ಎಂಟು. ಈಗ ಎಡಗೈ ಪಿಚರು ಬಂದ ದಿನ ಮಾತ್ರ ಆಡಿಸ್ತಾರೆ. ಉಳಿದ ದಿನ ಬೆಂಚಿನ ಮೇಲೆ ಕೂತು ಹೊಸಬರಿಗೆ ಏನೋ ಹೇಳಿಕೊಡ್ತಾನಂತೆ. ಅದಕ್ಕೆ ನಮ್ಮಲ್ಲಿ ಅಂಕ ಇಲ್ಲ. ಇಷ್ಟೇ."

"ಒಂದು ಕಾಳು," ಎಂದಳು ಬರ್ನೀಸ್ ತಕ್ಷಣ. ಅವಳ ದನಿ ಮೆತ್ತಗಾಗಿತ್ತು. "ಒಂದೇ ಕಾಳಿಗೆ ಕೊಟ್ಟುಬಿಡೋಣ, ಪಾಪ."

"ಒಂದೇ," ಎಂದರು ಎಲ್ಲರೂ.

"ಇಲ್ಲ," ಎಂದ ಆರಿನ್. "ನಾಲ್ಕು. ಎಂಟು ಹೋಮ್ ರನ್ನಿನವನು, ಎಂಬತ್ತು ಪಂದ್ಯ ಆಡೋನು, ಹರಾಜಿಗೆ ಬಂದ್ರೆ ನಾಲ್ಕಕ್ಕೆ ಹೋಗ್ತಾನೆ. ನನ್ನ ಮೇಲೆ ಕರುಣೆ ಬಂತು ಅಂತ ಅವನ ತೂಕ ಇಳಿಸಬೇಡಿ."

ಪಾಸ್ಟರ್ ಸಿಗ್ನೆ ನಾರ್ಬರ್ಟನ ಕಡೆ ನೋಡಿದಳು. "ಬಿಟ್ಟುಕೊಟ್ಟವರು ನೀವು. ಅವರು ಕೊಡಲ್ಲ ಅಂದ್ರೆ ಮೊದಲ ಹಕ್ಕು ನಿಮ್ಮದು."

"ನೋಡೋಣ, ಅವನ ಕೈಲಿ ನಾಲ್ಕು ಇದೆಯಾ ಮೊದಲು," ಎಂದ ನಾರ್ಬರ್ಟ್. "ಲಾರಿ ನೋಡದೆ ಚೀಟಿ ಬರೆಯೋನು. ಎಣಿಸೋಕೆ ಯಾರಾದ್ರೂ ಪಕ್ಕದಲ್ಲಿ ನಿಂತ್ಕೊಳ್ಳಿ."

ಆರಿನ್ ಡಬ್ಬದಿಂದ ನಾಲ್ಕು ಕಾಳು ಎಣಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಈ ಸಲ ಬರ್ನೀಸ್ ಮೇಜಿನ ಮೇಲೆ ಬಗ್ಗಿ, ಒಂದೊಂದಾಗಿ ಬೆರಳು ಮುಟ್ಟಿಸಿ, ಮತ್ತೆ ಎಣಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಆರಿನ್‌ನ ಲೆಕ್ಕವನ್ನು ಇನ್ನೊಬ್ಬರು ಎಣಿಸಿದ್ದು ಅದೇ ಮೊದಲು. ಅವನಿಗೆ ಅವಮಾನವೆನಿಸಲಿಲ್ಲ. ಹೆಗಲ ಮೇಲಿನ ಮೂಟೆಗೆ ಇನ್ನೊಬ್ಬರು ಕೈಕೊಟ್ಟ ಹಾಗಿತ್ತು.

ಹರಾಜು ಮಧ್ಯಾಹ್ನದವರೆಗೆ ನಡೆಯಿತು. ಹೊಸ ಹೆಸರುಗಳಿಗೆ ಮೂವತ್ತು, ನಲವತ್ತು ಕಾಳು ಸುರಿದವು. ನಾರ್ಬರ್ಟ್ ಎಂದಿನಂತೆ ಅವಸರಪಟ್ಟು ಒಬ್ಬ ಇಪ್ಪತ್ತರ ತರುಣನಿಗೆ ಅರ್ಧ ಡಬ್ಬ ಕೊಟ್ಟು, ಕೊಟ್ಟ ಮೇಲೆ ತಲೆ ಮೇಲೆ ಕೈ ಹೊತ್ತ. ನಡುವೆ ಒಮ್ಮೆ ಆರಿನ್ ಬರ್ನೀಸಳ ಪೆನ್ನು ಕೇಳಿ ತೆಗೆದುಕೊಂಡು ಮೇಜಿನ ಕೆಳಗೆ ಏನೋ ಬರೆದ, ಯಾರೂ ಗಮನಿಸಲಿಲ್ಲ.

ಹೊರಗೆ ಮೋಡ ಹರಿದು, ನೆಲಮಾಳಿಗೆಯ ಚಿಕ್ಕ ಕಿಟಕಿಗಳಲ್ಲಿ ಕರಗುವ ಹನಿಗಳು ಟಪಟಪ ಬೀಳತೊಡಗಿದವು. ಲವಾನಳ ಹಾಟ್‌ಡಿಶ್ ಸುತ್ತ ಸಾಲು ನಿಂತಿತು. ನಾರ್ಬರ್ಟ್ ಅಡುಗೆಕೋಣೆಯ ತೊಟ್ಟಿಯ ಮುಂದೆ ಕಾಫಿ ಬಟ್ಟಲು ತೊಳೆಯುತ್ತಿದ್ದ. ಪರರ ಚರ್ಚಿನಲ್ಲಿ ಊಟ ಮಾಡುವ ಮುಂಚೆ ಪಾತ್ರೆ ತೊಳೆಯಬೇಕು ಎನ್ನುವುದು ಅವನ ತಾಯಿ ಕಲಿಸಿದ ಪಾಠ.

ಆರಿನ್ ಅವನ ಪಕ್ಕಕ್ಕೆ ಹೋಗಿ ನಿಂತ. ಕೋಟಿನ ಜೇಬಿನಿಂದ ಚೆಂಡು ತೆಗೆದ. ಹಳದಿಗಟ್ಟಿದ ತೊಗಲಿನ ಮೇಲೆ ಏಳು ಹಳೆಯ ಸಹಿಗಳು. ಅವುಗಳ ಕೆಳಗೆ, ಉಳಿದಿದ್ದ ಒಂದೇ ಖಾಲಿ ಜಾಗದಲ್ಲಿ, ದುಂಡು ಅಕ್ಷರದಲ್ಲಿ, ಮಸಿ ಇನ್ನೂ ಹೊಸದಾಗಿದ್ದ ಎಂಟನೆಯದು: 'ಸೋತೆ. ಆರಿನ್.'

"ನಿನ್ನ ಸಹಿ ನಾನು ಹೊಡೆದುಹಾಕಿಲ್ಲ," ಎಂದ. "ಅದು ನೀನೇ ಮಾಡ್ಬೇಕು."

ನಾರ್ಬರ್ಟ್ ನೀರು ನಿಲ್ಲಿಸಿದ. ಏನೋ ಕೊಂಕು ಅವನ ತುಟಿಯವರೆಗೆ ಬಂದು, ಅಲ್ಲಿಯೇ ನಿಂತಿತು. ಕೈಗಳನ್ನು ಟವೆಲ್ಲಿಗೆ, ಅದು ಸಾಲದೆ ಅಂಗಿಗೆ ಒರೆಸಿಕೊಂಡು, ಎರಡೂ ಕೈ ಜೋಡಿಸಿ ಚಾಚಿದ. ಆರಿನ್ ಚೆಂಡನ್ನು ಅದರಲ್ಲಿ ಇಟ್ಟ.